ನನಗೇನೂ ಆಗಿಲ್ಲ

ಮೊನ್ನೆಯ ಒಂದು ವೈಕುಂಠ ಸಮಾರಾಧನೆಯಲ್ಲಿ, ತೀರಿಕೊಂಡ ತಾಯಿಯ ಹಿರಿಯ ಮಗಳು ಬಂದವರನ್ನೆಲ್ಲ ಉಪಚರಿಸುತ್ತ ಬಡಿಸುವವರ ಹಿಂದೆ ಮುಂದೆ ಓಡಾಡುತ್ತಿದ್ದರು. ಎಲೆಯ ಮುಂದೆ ಕುಳಿತ ಹಿರಿಯರೊಬ್ಬರು "ನಿಮ್ಮಮ್ಮನ ಕೈಯ ತಂಬುಳಿ..." ಎಂದು ಮಾತು ತೆಗೆದರು, ವಾಕ್ಯ ಮುಗಿಯುವುದಕ್ಕೆ ಮೊದಲೇ ಈಕೆ ಅಡುಗೆಮನೆಯ ಕಡೆಗೆ ತಿರುಗಿ "ಈ ಪಂಕ್ತಿಗೆ ಮಜ್ಜಿಗೆ ಬರಲಿಲ್ಲವಲ್ಲ" ಎಂದರು. ಮತ್ತೊಬ್ಬರು ಕೊನೆಯ ದಿನಗಳ ಕಷ್ಟವನ್ನು ಕೇಳಿದರು, ಆಗಲೂ ಮಜ್ಜಿಗೆಯೇ. ಮುಖದಲ್ಲಿ ಪ್ರಸನ್ನತೆ, ಮಾತಿನಲ್ಲಿ ಸಮಾಧಾನ; ಸೆರಗಿನ ಚುಂಗು ಮಾತ್ರ ಬೆರಳಿಗೆ ಸುತ್ತಿ ಸುತ್ತಿ ಹುರಿಗೊಂಡಿತ್ತು. "ಹೇಗಿದ್ದೀರಮ್ಮ?" ಎಂದುದಕ್ಕೆ "ನನಗೇನೂ ಆಗಿಲ್ಲ, ಊಟ ಸರಿಯಾಯಿತೇ?" ಎಂದರು. ಆ ಉತ್ತರದಲ್ಲಿ ಕಪಟದ ಲೇಶವೂ ಇರಲಿಲ್ಲವೆಂದೇ ನನ್ನ ನಂಬಿಕೆ.

ದುಃಖ, ಕೋಪ, ಭಯಗಳನ್ನು ಒಳಗೇ ಅದುಮಿಡುವುದನ್ನು ಸ್ವಭಾವವಾಗಿಸಿಕೊಂಡವರು ನಟಿಸುತ್ತಾರೆಂದು ನಾವು ಬಗೆಯುವುದುಂಟು. ಆದರೆ ಅದು ನಟನೆಯೇ ಆಗಿರಬೇಕಿಲ್ಲ. 1979ರಲ್ಲಿ ಅಮೆರಿಕದ ವೈನ್‌ಬರ್ಗರ್, ಶ್ವಾರ್ಟ್ಸ್, ಡೇವಿಡ್‌ಸನ್ ಎಂಬ ಮೂವರು ಮನಶ್ಶಾಸ್ತ್ರಜ್ಞರು, ಮನಸ್ಸನ್ನು ಕಲಕುವಂಥ ಪದಪುಂಜಗಳನ್ನು ಜನರ ಮುಂದಿಟ್ಟು, ಅವುಗಳಿಗೆ ಹೊಳೆದ ಮಾತನ್ನು ಹೇಳಿಸಿ, ಆ ಹೊತ್ತಿನ ದೇಹಸ್ಥಿತಿಯನ್ನು ಅಳೆದು ನೋಡಿದರು. ತಮಗೆ ಆತಂಕವೆಂಬುದು ಅಷ್ಟಾಗಿ ಇಲ್ಲವೆಂದೂ, ನಡತೆಯಲ್ಲಿ ತಮ್ಮಿಂದ ಲೋಪವೇ ಆಗದೆಂದೂ ಬರೆದುಕೊಟ್ಟವರ ಎದೆಬಡಿತ, ಬೆವರು, ಹಣೆಯ ಸ್ನಾಯುಗಳ ಬಿಗಿತ ಇವೆಲ್ಲ ನಿಜವಾಗಿ ನಿಶ್ಚಿಂತರಾಗಿದ್ದವರಿಗಿಂತ ಹೆಚ್ಚಾಗಿದ್ದು, ಆತಂಕವನ್ನು ತಾವಾಗಿ ಒಪ್ಪಿಕೊಂಡವರಿಗೆ ಸಮವಾಗಿಯೋ, ಅವರನ್ನು ಮೀರಿಯೋ ಕಂಡವು. ಶರೀರವು ಬಲ್ಲ ವಾರ್ತೆ ಮನಸ್ಸಿಗೆ ಮುಟ್ಟಿರಲಿಲ್ಲ.

ಹಾಗೆಂದು, ಕೈಹಿಡಿದು ಕೂರಿಸಿ "ಅತ್ತುಬಿಡಮ್ಮ, ಹಗುರವಾಗುತ್ತೆ" ಎಂದು ಒತ್ತಾಯಿಸಲು ನನಗೆ ಮನಸ್ಸು ಬಾರದು. ಬಾಳಸಂಗಾತಿಯನ್ನು ಕಳೆದುಕೊಂಡ ನಡುವಯಸ್ಸಿನವರನ್ನು ಮಾತನಾಡಿಸಿ ಮನಶ್ಶಾಸ್ತ್ರಜ್ಞ ಬೊನಾನೊ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳಗೆ ದೇಹ ತಳಮಳಿಸುತ್ತಿದ್ದರೂ ಬಾಯಲ್ಲಿ ಸಂಕಟವನ್ನು ಆಡದವರ ಶೋಕವು ಮುಂದಿನ ತಿಂಗಳುಗಳಲ್ಲಿ ಉಲ್ಬಣಿಸಲಿಲ್ಲ, ಲಘುವಾಗಿಯೇ ಉಳಿಯಿತು. ಅಂದಮೇಲೆ, ಪಂಕ್ತಿ ಪಂಕ್ತಿಗೆ ಮಜ್ಜಿಗೆಯನ್ನು ವಿಚಾರಿಸುವ ಆ ಕೆಲಸವೇ ಆಕೆಯನ್ನು ಆ ದಿನ ನಿಲ್ಲಿಸಿದ ಊರುಗೋಲಾಗಿದ್ದಿರಬಹುದು. ಅದನ್ನು ಕಿತ್ತುಕೊಳ್ಳಲು ನಾವಾರು?

ನನ್ನನ್ನು ಕಾಡುವುದು ಕೈತೊಳೆಯುವಲ್ಲಿ ಕೇಳಿದ ಹೊಗಳಿಕೆ. "ಎಂಥ ಗಟ್ಟಿಗಿತ್ತಿ, ಒಂದು ಹನಿ ಕಣ್ಣೀರಿಲ್ಲ" ಎಂದು ನಾಲ್ಕಾರು ಮಂದಿ ಪ್ರೀತಿಯಿಂದಲೇ ಕೊಂಡಾಡಿದರು. ಮೊಣಕಾಲು ತರಚಿಕೊಂಡು ಬಂದ ಎಳೆಯ ಹುಡುಗಿಗೆ "ಜಾಣೆ, ಅಳಲೇ ಇಲ್ಲ" ಎಂದು ಬೆಲ್ಲದ ಚೂರು ಕೊಡುವಲ್ಲಿಂದ ಆರಂಭವಾಗುವ ಪ್ರಶಂಸೆಯಿದು. ವಯಸ್ಸು ಬಂದಂತೆ ಬೆಲ್ಲ ನಿಂತು, ಬಿರುದು ಮಾತ್ರ ಬೆಳೆಯುತ್ತ ಹೋಗುತ್ತದೆ. ಇಂಥವರಿಗೆ, ಕರ್ಮಾಂತರಗಳೆಲ್ಲ ಮುಗಿದು, ನೆಂಟರೆಲ್ಲ ಹೊರಟುಹೋಗಿ, ಬಡಿಸುವುದಕ್ಕೆ ಯಾರೂ ಉಳಿಯದ ಒಂದು ಮಧ್ಯಾಹ್ನ ಅಳು ತಾನಾಗಿ ಉಕ್ಕಿಬಂದಲ್ಲಿ, ಗಟ್ಟಿಗಿತ್ತಿಯೆಂದು ಕೊಂಡಾಡಿದ ನಮ್ಮಲ್ಲಿ ಯಾರ ಮನೆಯ ಬಾಗಿಲಿಗೆ ಅವರು ಬರಬೇಕು?