ಹಾರಾಟದ ಗಂಟೆ, ಮನೆಯ ಗಂಟೆ

ಹವ್ಯಾಸವಿಲ್ಲದ ಮನುಷ್ಯ ವಿರಳ. ಒಬ್ಬರಿಗೆ ಸಂಗೀತ, ಒಬ್ಬರಿಗೆ ಇಸ್ಪೀಟು, ಮತ್ತೊಬ್ಬರಿಗೆ ಕೆರೆಯ ಏರಿಯ ಮೇಲೆ ಗಾಳ ಹಾಕಿ ಕೂರುವುದು. ಇವೆಲ್ಲ ಊರಿನೊಳಗೇ ನಡೆಯುವಂಥವು. ಮನೆಯಿಂದ ಕರೆ ಬಂದರೆ ಎದ್ದು ಹೋಗಬಹುದು. ನನಗೆ ಹತ್ತಿದ ಹವ್ಯಾಸ ಅಂಥದಲ್ಲ. ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಲ್ಲಿ ತೆಂಗು, ರಾಗಿ, ಆಲೂಗೆಡ್ಡೆ ಬೆಳೆದುಕೊಂಡಿದ್ದ ನಾನು ವಿಮಾನ ಹಾರಿಸುವುದನ್ನು ಕಲಿತೆ. ಹೊಟ್ಟೆಪಾಡಿಗಾಗಿ ಅಲ್ಲ, ಕೇವಲ ಸಂತೋಷಕ್ಕಾಗಿ. ಈ ಹವ್ಯಾಸ, ಹಳೆಯ ಹೆಂಚಿನ ಮನೆ, ತೊಟ್ಟಿಲಿಗೆ ಹೊಸದಾಗಿ ಬಂದ ಮಗು, ಈ ಮೂರನ್ನೂ ಒಬ್ಬ ಗೃಹಸ್ಥ ಹೇಗೆ ನಿಭಾಯಿಸಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹಳ್ಳಿಗನಿಗೆ ವಿಮಾನದ ಹುಚ್ಚೇಕೆ ಎಂದು ಕೆಲವರು ನಗಬಹುದು. ಆದರೆ ಈ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾದದ್ದು 1949ರಲ್ಲಿ. ಅಲ್ಲಿ ಮೊದಮೊದಲಿಗೆ ಕಲಿತು ಹೊರಬಂದವರಲ್ಲಿ ಉಷಾ ಸುಂದರಂ ಒಬ್ಬರು. 1950ರಲ್ಲಿ ಅವರೂ ಅವರ ಪತಿ ವಿ. ಸುಂದರಂ ಅವರೂ ಡವ್ ಎಂಬ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ ಸುಮಾರು 27 ಗಂಟೆಗಳಲ್ಲಿ ಹಾರಿಸಿ ತಂದರು. ಹವ್ಯಾಸಿಗಳೂ ವಿದ್ಯಾರ್ಥಿಗಳೂ ಹಾರಿಸಲೆಂದೇ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆ ‘ಪುಷ್ಪಕ್’ ಎಂಬ ಪುಟ್ಟ ವಿಮಾನವನ್ನು ನಿರ್ಮಿಸಿ 1958ರಲ್ಲಿ ಮೊದಲ ಬಾರಿಗೆ ಹಾರಿಸಿತು. ಅದಕ್ಕೆ ತೊಂಬತ್ತು ಅಶ್ವಶಕ್ತಿಯ ಎಂಜಿನ್, ಅಕ್ಕಪಕ್ಕದಲ್ಲಿ ಎರಡೇ ಆಸನ. ಇನ್ನು ನಮ್ಮ ನೆರೆಯ ಜಾವಗಲ್ಲಿನ ಬಳಿ ಬೇಸಾಯ ಮಾಡಿದ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯ ವಿಮಾನಗಳನ್ನು ಹಾರಿಸಿದ್ದು ಎಲ್ಲರಿಗೂ ತಿಳಿದ ಸಂಗತಿ.

ಖಾಸಗಿ ಪೈಲಟ್ ಪರವಾನಗಿ ಪಡೆಯಲು ಕನಿಷ್ಠ ಹದಿನೇಳು ವರ್ಷ ವಯಸ್ಸಾಗಿರಬೇಕು, ನಲವತ್ತು ಗಂಟೆಗಳ ಹಾರಾಟವಾಗಿರಬೇಕು, ವೈದ್ಯರ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಹಾರಿದ ಪ್ರತಿ ನಿಮಿಷವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ವಿಮಾನ ಹಾರುವ ಉದ್ದೇಶದಿಂದ ತನ್ನ ಶಕ್ತಿಯಿಂದಲೇ ಕದಲಿದ ಗಳಿಗೆಯಿಂದ, ಹಾರಾಟ ಮುಗಿಸಿ ನಿಶ್ಚಲವಾಗಿ ನಿಂತ ಗಳಿಗೆಯವರೆಗೆ ಕಳೆದದ್ದು ಹಾರಾಟದ ಕಾಲ. ಲೆಕ್ಕ ಬಹಳ ಖಚಿತವಾದುದು. ಆದರೆ ಸಂಸಾರಸ್ಥನಿಗೆ ಈ ಒಂದು ಲೆಕ್ಕ ಸಾಲದು.

ಶನಿವಾರ ಮಧ್ಯಾಹ್ನ ಊರಿನಿಂದ ಬಸ್ಸು ಹಿಡಿದು, ಅರಸೀಕೆರೆಯಲ್ಲಿ ರೈಲು ಹತ್ತಿ, ರಾತ್ರಿ ಬೆಂಗಳೂರು ಸೇರಿ, ಭಾನುವಾರ ಬೆಳಗ್ಗೆ ಹಾರಿ, ಅಂದು ರಾತ್ರಿ ನಾನು ಮನೆ ಮುಟ್ಟುತ್ತಿದ್ದೆ. ಮಗಳು ಹುಟ್ಟುವುದಕ್ಕೆ ಕೆಲವು ತಿಂಗಳ ಮುಂಚೆ ಒಂದು ದಿನ ನನ್ನ ಹೆಂಡತಿ ಕೇಳಿದಳು:

“ಎಷ್ಟು ಹೊತ್ತು ಹಾರಿದಿರಿ?”

“ಮುಕ್ಕಾಲು ಗಂಟೆ.”

“ನೀವು ಹೋಗಿ ಒಂದೂವರೆ ದಿನ ಆಯಿತಲ್ಲ. ಮಿಕ್ಕಿದ್ದನ್ನು ಯಾವ ಪುಸ್ತಕದಲ್ಲಿ ಬರೀತೀರಿ?”

ಅವಳು ಜಗಳಕ್ಕಾಗಿ ಕೇಳಿದ್ದಲ್ಲ. ಅದು ನ್ಯಾಯವಾದ ಪ್ರಶ್ನೆ. ಹವ್ಯಾಸಿಯ ಕಾಲ ವಿಮಾನ ಕದಲಿದಾಗ ಆರಂಭವಾಗುತ್ತದೆ. ಮನೆಯವರ ಕಾಲ ಅವನು ಹೊಸಿಲು ದಾಟಿದಾಗಲೇ ಆರಂಭವಾಗಿರುತ್ತದೆ. ಆ ದಿನದಿಂದ ನಾನು ಎರಡನೆಯ ಲೆಕ್ಕವನ್ನೂ ಇಡತೊಡಗಿದೆ. ಪುಸ್ತಕದ ಅಂಚಿನಲ್ಲಿ ಹೊಸಿಲಿನಿಂದ ಹೊಸಿಲಿಗೆ ಎಷ್ಟು ಗಂಟೆ ಎಂದು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಹಾಗೆ ಬರೆದಾಗ ತಿಂಗಳಿಗೆ ಮೂರು ಬಾರಿಯ ಹಾರಾಟ ತಾನಾಗಿಯೇ ಒಂದಕ್ಕೆ ಇಳಿಯಿತು.

ಇನ್ನೊಂದು ತೊಡಕು ಋತುಮಾನದ್ದು. ಸಣ್ಣ ವಿಮಾನವನ್ನು ಹವ್ಯಾಸಿ ಕಣ್ಣಿಗೆ ಕಾಣುವ ನೆಲ, ದಿಗಂತಗಳನ್ನು ನಂಬಿ ಹಾರಿಸುತ್ತಾನೆ. ಮಳೆಗಾಲದ ತಗ್ಗು ಮೋಡ ಅವನಿಗೆ ಆಗದು. ಬೇಸಗೆಯ ಇಳಿಹೊತ್ತಿನ ಗುಡುಗುಮಳೆಯಂತೂ ಆಗಲೇ ಆಗದು. ಮಾಗಿಯ ಮಂಜು ಹರಿದ ಮೇಲೆ ಯುಗಾದಿಯವರೆಗಿನ ತಿಳಿಯಾದ ಬೆಳಗುಗಳೇ ಅವನ ಸುಗ್ಗಿ. ದುರದೃಷ್ಟಕ್ಕೆ ಹೆಂಚಿನ ಮನೆಗೂ ಅದೇ ಸುಗ್ಗಿ. ಹೆಂಚು ಕೈಯಾಡಿಸುವುದು, ಗೆದ್ದಲು ಹಿಡಿದ ತೊಲೆ ಬದಲಿಸುವುದು, ಗೋಡೆಗೆ ಸುಣ್ಣ ಬಳಿಯುವುದು, ಎಲ್ಲವೂ ಒಣ ತಿಂಗಳುಗಳಲ್ಲೇ ಮುಗಿಯಬೇಕು. ಆಕಾಶಕ್ಕೂ ಸೂರಿಗೂ ಒಂದೇ ಬಿಸಿಲು ಬೇಕು. ಮಗುವಿಗಾದರೋ ಋತುವೇ ಇಲ್ಲ. ಅದಕ್ಕೆ ಎಲ್ಲ ಹೊತ್ತಿನಲ್ಲೂ ಮನುಷ್ಯರು ಬೇಕು.

ಬಾಣಂತನಕ್ಕೆಂದು ಹೆಂಡತಿ ತವರಿಗೆ ಹೋದರೆ ಗಂಡನಿಗೆ ರಜೆ ಸಿಕ್ಕಂತೆ ಎಂಬ ಭಾವನೆ ನಮ್ಮ ಕಡೆ ಉಂಟು. ಸ್ನೇಹಿತರೂ ಹಾಗೆಯೇ ಹೇಳಿದರು: “ಈಗಲೇ ಹಾರಿಬಿಡು.” ನನ್ನ ತಾಯಿಯ ಮಾತು ಬೇರೆಯಾಗಿತ್ತು: “ಸೂರು ಸೋರಿದರೆ ತೊಟ್ಟಿಲು ಎಲ್ಲಿಗೆ ಎಳೆಯೋದು ಮಗಾ?” ಆ ಮೂರು ತಿಂಗಳು ನಾನು ಜಕ್ಕೂರಿನ ಕಡೆ ಹೋಗಲಿಲ್ಲ. ಆಳುಗಳ ಜೊತೆ ಮಾಡಿನ ಮೇಲೆ ಕುಳಿತು ಒಡೆದ ಹೆಂಚು ಬದಲಿಸಿದೆ. ಒಂದು ಗಂಟೆಯ ಹಾರಾಟದ ಬಾಡಿಗೆಗೆ ಎಷ್ಟು ಹೆಂಚು ಬರುತ್ತದೆ ಎಂಬುದೂ ಆಗ ಬಾಯಿಪಾಠವಾಯಿತು.

ಹಣ, ಕಾಲ ಎರಡಕ್ಕಿಂತ ಭಾರವಾದ ಮಾತು ಅಪಾಯದ್ದು. ರೈಟ್ ಸಹೋದರರ ತಂದೆ ತನ್ನ ಮಕ್ಕಳಿಬ್ಬರೂ ಎಂದೂ ಒಟ್ಟಿಗೆ ಹಾರಕೂಡದೆಂದು ಅವರಿಂದ ಮಾತು ಪಡೆದಿದ್ದರು. 1903ರಲ್ಲಿ ಜಗತ್ತಿಗೇ ಹಾರಾಟ ಕಲಿಸಿದ ಆ ಅಣ್ಣತಮ್ಮಂದಿರು ತಂದೆಯ ಒಪ್ಪಿಗೆ ಪಡೆದು ಒಟ್ಟಿಗೆ ಹಾರಿದ್ದು ಒಂದೇ ಒಂದು ಸಲ, 1910ರ ಮೇ ತಿಂಗಳಲ್ಲಿ, ಕೇವಲ ಆರು ನಿಮಿಷ. ಅಪಾಯ ಹಾರುವವನೊಬ್ಬನದಲ್ಲ, ಮನೆಯದು ಎಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು. ಮಗು ಹುಟ್ಟಿದ ಮೇಲೆ ಹವ್ಯಾಸಿ ಮಾಡಬೇಕಾದ ಮೊದಲ ಕೆಲಸ ತನ್ನ ವಿಮೆಯ ಕಾಗದವನ್ನು ಸಣ್ಣ ಅಕ್ಷರಗಳ ಸಮೇತ ಓದುವುದು. ಟಿಕೆಟ್ ಕೊಂಡ ಪ್ರಯಾಣಿಕನಾಗಿ ಅಲ್ಲದೆ ಬೇರೆ ರೀತಿ ಹಾರಿದವನಿಗೆ ಅಪಘಾತದ ಪರಿಹಾರ ಸಲ್ಲದೆಂಬ ಷರತ್ತು ಅನೇಕ ಪಾಲಿಸಿಗಳಲ್ಲಿ ಇರುತ್ತದೆ.

ವಿಮಾನ ಹತ್ತುವ ಮುನ್ನ ಪೈಲಟ್ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಆರು ಪ್ರಶ್ನೆಗಳುಂಟು. ಕಾಯಿಲೆ ಇದೆಯೆ? ಔಷಧಿ ತೆಗೆದುಕೊಂಡಿರುವೆಯಾ? ಮನಸ್ಸಿನಲ್ಲಿ ಚಿಂತೆ ಉಂಟೆ? ಮದ್ಯ ಕುಡಿದಿರುವೆಯಾ? ದಣಿವಾಗಿದೆಯೆ? ಊಟವಾಯಿತೆ? ಹಸುಗೂಸಿನ ತಂದೆ ಐದನೆಯ ಪ್ರಶ್ನೆಗೆ ಎಷ್ಟು ದಿನ ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಹೇಳಬಲ್ಲ? ರಾತ್ರಿ ನಾಲ್ಕು ಸಲ ಎದ್ದು ಮಗುವನ್ನು ಎತ್ತಿಕೊಂಡು ತಿರುಗಿದವನು ಬೆಳಗ್ಗೆ ಚಾಲಕನ ಆಸನದಲ್ಲಿ ಕೂರಬಾರದು. ರಾತ್ರಿ ಏಳದೆ ನಿದ್ರಿಸಿ ಬಂದವನಾದರೆ, ಅವನ ಪಾಲಿನ ನಿದ್ದೆಯನ್ನೂ ಕೆಟ್ಟವಳು ಮನೆಯಲ್ಲಿದ್ದಾಳೆ ಎಂದೇ ಅರ್ಥ.

ಹಾಗಾದರೆ ತಂದೆತಾಯಿಯಾದವರು ರೆಕ್ಕೆ ಮಡಿಸಿಬಿಡಬೇಕೆ? ಬೇಕಿಲ್ಲ. 1936ರಲ್ಲಿ ಪರವಾನಗಿ ಪಡೆದ ಸರಳಾ ಠಕ್ರಾಲ್ ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಂಟಿಯಾಗಿ ಹಾರಿಸಿದಾಗ ಅವರಿಗೆ ಇಪ್ಪತ್ತೊಂದು ವರ್ಷ, ಅವರ ಮಗಳಿಗೆ ನಾಲ್ಕು. ಆ ಹೊತ್ತಿನಲ್ಲಿ ಮಗುವಿನ ಬಳಿ ಯಾರೋ ಇದ್ದಿರಲೇಬೇಕು. ಹಾರಿದವರ ಹೆಸರು ಚರಿತ್ರೆಗೆ ಬರುತ್ತದೆ. ಮಗು ನೋಡಿಕೊಂಡವರ ಹೆಸರು ಬರುವುದಿಲ್ಲ.

ನಮ್ಮ ಮನೆಯಲ್ಲಿ ನಾವು ಕಂಡುಕೊಂಡ ಏರ್ಪಾಡು ಸರಳವಾದುದು. ಹೆಂಡತಿ ಅಂಚೆ ಶಿಕ್ಷಣದ ಪರೀಕ್ಷೆಗೆ ಕಟ್ಟಿದ್ದಳು. ತಿಂಗಳಲ್ಲಿ ಒಂದು ಭಾನುವಾರ ನನ್ನ ಹಾರಾಟಕ್ಕೆ ಎಂದಾದರೆ ಇನ್ನೊಂದು ಅವಳ ಓದಿಗೆ. ಆ ದಿನ ಸ್ನಾನ, ಊಟ, ಲಾಲಿ ಸಮೇತ ಮಗು ನನ್ನ ಪಾಲು. ವಿಮಾನಕ್ಕೆ ಇಂತಿಷ್ಟು ಗಂಟೆಗೊಮ್ಮೆ ತಪಾಸಣೆ ಎಂದು ನಿಯಮವಿರುವಂತೆ ಮನೆಗೂ ಒಂದು ಪಟ್ಟಿ ಮಾಡಿದೆವು. ಮಗುವಿಗೆ ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಲಸಿಕೆ, ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದು. ಮಾಡಿಗೆ ರೋಹಿಣಿ ಮಳೆಗೆ ಮುನ್ನ ಒಂದು ನೋಟ. ಈ ಪಟ್ಟಿಯಲ್ಲಿ ಬಾಕಿ ಉಳಿದಿದ್ದರೆ ಆ ತಿಂಗಳು ಹಾರಾಟವಿಲ್ಲ. ಯಂತ್ರದ ತಪಾಸಣೆ ಬಾಕಿಯಿದ್ದರೆ ವಿಮಾನ ಮೇಲೇಳುವುದಿಲ್ಲ. ಅದರ ಮೇಲೆ ಯಾರೂ ಸಿಟ್ಟಾಗುವುದೂ ಇಲ್ಲ. ಮನೆಯ ವಿಷಯದಲ್ಲೂ ಅಷ್ಟೇ ಸಮಾಧಾನ ಇರಬೇಕು.

ತಿಂಗಳುಗಟ್ಟಲೆ ಬಿಟ್ಟವನಿಗೆ ಕೈ ಜಡ್ಡುಗಟ್ಟುತ್ತದೆ. ಅದಕ್ಕೆ ನಾಚಬೇಕಾದುದಿಲ್ಲ. ಮಗಳು ಎಂಟು ತಿಂಗಳಾಗಿ ಅಂಬೆಗಾಲಿಡತೊಡಗಿದ ಮೇಲೆ ನಾನು ಜಕ್ಕೂರಿಗೆ ಹೋದಾಗ, ಒಂಟಿಯಾಗಿ ಹತ್ತದೆ ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಸಲ ಏರಿ ಇಳಿದೆ. ಇಳಿದ ಮೇಲೆ ಪುಸ್ತಕ ತೆರೆದು ಐವತ್ತು ನಿಮಿಷ ಎಂದು ಶಾಯಿಯಲ್ಲಿ ಬರೆದೆ. ಅಂಚಿನಲ್ಲಿ ಪೆನ್ಸಿಲಿನಿಂದ ಇಪ್ಪತ್ತೆಂಟು ಗಂಟೆ ಎಂದು ಬರೆದು, ಸಂಜೆಯ ರೈಲಿಗೆ ಹೊರಟೆ.