ಪಂಪ್‌ಸೆಟ್ಟಿನ ಎರಡು ಮುಳ್ಳುಗಳ ಲೆಕ್ಕ

(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೇಸಾಯಶಾಸ್ತ್ರ ಕಲಿಸುವವನು ವಿದ್ಯುತ್ತಿನ ಮಾತೇಕೆ ಆಡುತ್ತಾನೆ ಎಂದು ತಮಗೆ ಅನ್ನಿಸಬಹುದು. ಮುಸುಕಿನ ಜೋಳದಲ್ಲಿ ಸೂಲಂಗಿ ಹೊರಬಂದು, ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆ ಕಾಣಿಸುವಾಗ ನೀರು ತಪ್ಪಬಾರದು ಎಂದು ನಾವು ಹೇಳುತ್ತೇವೆ. ಅದೇ ವಾರ ಮೋಟಾರು ಸುಟ್ಟರೆ, ಪೈಪು ಎತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ಆ ಹಂತ ದಾಟಿಹೋಗಿರುತ್ತದೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ, ವ್ಯಾಟಿನ ಲೆಕ್ಕ ನಮಗೇಕೆ ಎನ್ನುವವರೂ ಉಂಟು. ಕರೆಂಟು ಉಚಿತವಿರಬಹುದು, ರೀವೈಂಡಿಂಗ್ ಉಚಿತವಲ್ಲ.

ತಮ್ಮ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಎರಡು ಮುಳ್ಳುಗಳಿವೆ. ಒಂದು ವೋಲ್ಟೇಜನ್ನು, ಅಂದರೆ ವಿದ್ಯುತ್ತಿನ ಒತ್ತಡವನ್ನು ತೋರಿಸುತ್ತದೆ. ಇನ್ನೊಂದು ಆಂಪಿಯರ್, ಅಂದರೆ ಹರಿಯುವ ಪ್ರವಾಹದ ಪ್ರಮಾಣ. ಹರಿವಿಗೆ ತಂತಿ ಒಡ್ಡುವ ಅಡ್ಡಿಗೆ ರೋಧ ಎನ್ನುತ್ತೇವೆ. ಅದರ ಅಳತೆ ಓಮ್. ಜರ್ಮನಿಯ ಉಪಾಧ್ಯಾಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಸರಳವಾದುದು: ವೋಲ್ಟೇಜನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ದೊರೆಯುತ್ತದೆ. ಅವೆರಡನ್ನೂ ಗುಣಿಸಿದರೆ ಶಕ್ತಿ, ಅಂದರೆ ವ್ಯಾಟ್.

ಮನೆಯ ಇಸ್ತ್ರಿಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. 230 ವೋಲ್ಟಿನಲ್ಲಿ 1000 ವ್ಯಾಟಿನದು 4.35 ಆಂಪಿಯರ್ ಎಳೆಯುತ್ತದೆ. 230ನ್ನು 4.35ರಿಂದ ಭಾಗಿಸಿದರೆ ಅದರ ರೋಧ ಸುಮಾರು 53 ಓಮ್. ಸಂಜೆ ವೋಲ್ಟೇಜು 180ಕ್ಕೆ ಇಳಿಯಿತೆನ್ನಿ. ರೋಧ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಪ್ರವಾಹ 3.4 ಆಂಪಿಯರಿಗೆ ಇಳಿಯುತ್ತದೆ, ಶಕ್ತಿ ಸುಮಾರು 610 ವ್ಯಾಟಿಗೆ ಕುಸಿಯುತ್ತದೆ. ಬಟ್ಟೆಯ ಸುಕ್ಕು ಹೋಗುವುದಿಲ್ಲ, ಅಷ್ಟೆ, ಪೆಟ್ಟಿಗೆಗೆ ಅಪಾಯವಿಲ್ಲ.

ಮೋಟಾರು ಹಾಗಲ್ಲ. ಅನೇಕರು ಎಡವುವುದು ಇಲ್ಲಿಯೇ. ವೋಲ್ಟೇಜು ಕಡಿಮೆಯಾದರೆ ಮೋಟಾರಿಗೆ ಕಡಿಮೆ ಕರೆಂಟು ಹೋಗುತ್ತದೆ, ನಿಧಾನವಾಗಿಯಾದರೂ ನೀರು ಬರಲಿ ಎಂದು ಓಡಿಸುತ್ತಾರೆ. ನೀರನ್ನು ಮೇಲೆತ್ತುವ ಭಾರ ಹೆಚ್ಚು ಕಡಿಮೆಯಾಗಿರುವುದಿಲ್ಲ. ಆ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಮೋಟಾರು ಹೆಚ್ಚು ಪ್ರವಾಹ ಎಳೆದು ತುಂಬಿಕೊಳ್ಳುತ್ತದೆ.

ಮೂರು ಫೇಸಿನ ಲೆಕ್ಕದಲ್ಲಿ ವೋಲ್ಟೇಜು ಮತ್ತು ಆಂಪಿಯರ್‌ಗಳ ಗುಣಲಬ್ಧವನ್ನು ಮತ್ತೆ 1.73ರಿಂದಲೂ, ಪವರ್ ಫ್ಯಾಕ್ಟರ್ ಎಂಬ ಅಂಶದಿಂದಲೂ ಗುಣಿಸಬೇಕು. 5 ಅಶ್ವಶಕ್ತಿಯ ಸಬ್‌ಮರ್ಸಿಬಲ್ ಮೋಟಾರಿನ ಫಲಕದ ಮೇಲೆ 415 ವೋಲ್ಟ್, 9 ಆಂಪಿಯರ್ ಎಂದಿದ್ದು, ಪವರ್ ಫ್ಯಾಕ್ಟರ್ 0.8 ಇದ್ದರೆ, ಅದು ಎಳೆಯುವ ಶಕ್ತಿ ಸುಮಾರು 5,170 ವ್ಯಾಟ್. ಗಂಟೆಗೆ 5 ಯೂನಿಟ್ಟಿಗೂ ಸ್ವಲ್ಪ ಹೆಚ್ಚೇ ಆಯಿತು. 5 ಅಶ್ವಶಕ್ತಿ ಎಂದರೆ 3,730 ವ್ಯಾಟ್ ಮಾತ್ರ. ಮಿಕ್ಕದ್ದು ಬಹುಪಾಲು ಮೋಟಾರಿನೊಳಗೆ ಶಾಖವಾಗಿ ಹೋಗುತ್ತದೆ. ಈಗ ವೋಲ್ಟೇಜು 350ಕ್ಕೆ ಇಳಿಯಲಿ. ಅದೇ ಶಕ್ತಿಗೆ ಸುಮಾರು 10.7 ಆಂಪಿಯರ್ ಬೇಕು. ಒಂದೂಮುಕ್ಕಾಲು ಆಂಪಿಯರ್ ತಾನೇ ಎನ್ನಬೇಡಿ. ಸುರುಳಿಯಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 9ರ ವರ್ಗ 81, 10.7ರ ವರ್ಗ 114. ಅಂದರೆ ಸುರುಳಿಯ ಶಾಖ ಶೇ. 40ರಷ್ಟು ಹೆಚ್ಚಾಯಿತು. ಸುರುಳಿಯ ನಿರೋಧಕ ಹೊದಿಕೆ ಇಂಥ ಶಾಖದಲ್ಲಿ ದಿನದಿನವೂ ಬೆಂದು, ಒಂದು ದಿನ ಕೈಕೊಡುತ್ತದೆ.

ಹಾಗಾದರೆ ಸುರುಳಿಯ ರೋಧ ಅಳೆದು, 415ನ್ನು ಅದರಿಂದ ಭಾಗಿಸಿ ಆಂಪಿಯರ್ ತಿಳಿಯಬಹುದೇ ಎಂದು ಕಳೆದ ಶಿಬಿರದಲ್ಲಿ ಒಬ್ಬ ತರುಣ ರೈತರು ಕೇಳಿದರು. ಒಳ್ಳೆಯ ಪ್ರಶ್ನೆ. ಆಗದು. ಸುರುಳಿಯ ರೋಧ ಕೆಲವೇ ಓಮ್. ಹಾಗೆ ಭಾಗಿಸಿದರೆ ನಂಬಲಾಗದಷ್ಟು ದೊಡ್ಡ ಸಂಖ್ಯೆ ಬರುತ್ತದೆ. ತಿರುಗುವ ಮೋಟಾರು ತನ್ನೊಳಗೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿ ಪ್ರವಾಹವನ್ನು ತಡೆದಿರುತ್ತದೆ. ಮರಳು ಸಿಕ್ಕಿ ತಿರುಗದೆ ನಿಂತರೆ ಆ ತಡೆ ಹೋಯಿತು, ಆಂಪಿಯರ್ ಐದಾರು ಪಟ್ಟು ಏರಿತು. ಮೋಟಾರು ಹೊರಡುವ ಕ್ಷಣದಲ್ಲಿಯೂ ಹೀಗೆಯೇ. ಕರೆಂಟು ಬಂದೊಡನೆ ಊರಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರಿನ ಗತಿ ಏನಾಗುತ್ತದೆಂದು ತಾವು ಬಲ್ಲಿರಿ. ಅಕ್ಕಪಕ್ಕದವರು ಮಾತಾಡಿಕೊಂಡು ಸರದಿಯ ಮೇಲೆ ಚಾಲೂ ಮಾಡುವುದು ಲೇಸು.

ಓಮನ ನಿಯಮ ನೇರವಾಗಿ ಕೆಲಸಕ್ಕೆ ಬರುವುದು ಕೇಬಲ್ಲಿನಲ್ಲಿ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್ ರೋಧ. 650 ಅಡಿ, ಅಂದರೆ ಸುಮಾರು 200 ಮೀಟರ್ ಆಳಕ್ಕೆ ಒಂದೊಂದು ಎಳೆಗೆ 1.48 ಓಮ್ ಆಯಿತು. 9 ಆಂಪಿಯರಿನಿಂದ ಗುಣಿಸಿದರೆ ಎಳೆಗೆ 13.3 ವೋಲ್ಟ್ ನಷ್ಟ. ಫೇಸಿನಿಂದ ಫೇಸಿಗೆ 1.73 ಪಟ್ಟು, 23 ವೋಲ್ಟ್. ಮೇಲಿನ ಮುಳ್ಳು 373 ತೋರಿಸುತ್ತಿದ್ದರೆ ಮೋಟಾರಿಗೆ ಸಿಗುವುದು 350 ಮಾತ್ರ. ಮೂರೆಳೆಯಲ್ಲಿ ಸುಮಾರು 360 ವ್ಯಾಟ್ ಬರೀ ಕೇಬಲ್ಲನ್ನು ಬಿಸಿಮಾಡುವುದಕ್ಕೆ ಹೋಯಿತು. 4 ಚದರ ಮಿಲಿಮೀಟರಿನದನ್ನು ಇಳಿಸಿದರೆ ವೋಲ್ಟೇಜಿನ ನಷ್ಟ ಸುಮಾರು 14 ವೋಲ್ಟಿಗೂ, ಶಕ್ತಿಯ ನಷ್ಟ 225 ವ್ಯಾಟಿನ ಆಸುಪಾಸಿಗೂ ಇಳಿಯುತ್ತದೆ. ಬೋರು ಆಳವಾದಂತೆ ಹಳೆಯ ಕೇಬಲ್ಲಿಗೇ ತುಂಡು ಸೇರಿಸುತ್ತ ಹೋಗುವವರು ಈ ಲೆಕ್ಕ ಹಾಕಿ ನೋಡಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದವರು ವೋಲ್ಟೇಜನ್ನು ಸಾವಿರಗಳಲ್ಲಿ ಏರಿಸಿದ್ದೂ ಇದೇ ನಷ್ಟ ತಗ್ಗಿಸಲೆಂದೇ.

ಇನ್ನು ಓವರ್‌ಲೋಡ್ ರಿಲೇ. ನೇರವಾಗಿ ಚಾಲೂ ಆಗುವ ಡಿ.ಓ.ಎಲ್. ಸ್ಟಾರ್ಟರಿನಲ್ಲಿ ಅದನ್ನು ಫಲಕದ ಆಂಪಿಯರಿಗೆ ಇಡತಕ್ಕದ್ದು. ಪದೇಪದೇ ಬೀಳುತ್ತದೆಂದು ಮೇಲಕ್ಕೆ ತಿರುಗಿಸುವುದು, ಕಡ್ಡಿ ಸಿಕ್ಕಿಸುವುದು ಬೇಡ. ಒಂದು ಫೇಸ್ ಹೋದಾಗ ಉಳಿದೆರಡರಲ್ಲಿ ಪ್ರವಾಹ ಒಂದೂವರೆ ಪಟ್ಟಿಗೂ ಮೀರುತ್ತದೆ. ಆಗ ಮೋಟಾರನ್ನು ಕಾಯುವುದು ಅದೊಂದೇ. ಪೆಟ್ಟಿಗೆ ತೆರೆದು ಅಳೆಯುವ ಕೆಲಸ ಲೈಸೆನ್ಸ್ ಇರುವ ವೈರ್‌ಮನ್ನರಿಗಿರಲಿ. ಒದ್ದೆ ಕಾಲಿನಲ್ಲಿ ತಾವು ಕೈಹಾಕಬೇಡಿ.

ತಾವು ಮಾಡಬೇಕಾದುದು ಸುಲಭ. ಮೋಟಾರು ಹೊಸದಾಗಿ ಇಳಿಸಿದ ದಿನದ ವೋಲ್ಟೇಜು, ಆಂಪಿಯರ್ ಎರಡನ್ನೂ ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಬರೆದಿಡಿ. ವೋಲ್ಟೇಜು ಸರಿಯಿದ್ದೂ ಆಂಪಿಯರ್ ಏರುತ್ತಿದ್ದರೆ ಪಂಪಿನಲ್ಲಿ ಎಲ್ಲೋ ಉಜ್ಜಾಟ, ಇಲ್ಲವೇ ಮರಳು. ವೋಲ್ಟೇಜು ಸರಿಯಿದ್ದು ಆಂಪಿಯರ್ ಹಠಾತ್ತನೆ ಇಳಿದರೆ ಬೋರಿನಲ್ಲಿ ನೀರು ಮುಗಿಯುತ್ತಿರಬಹುದು; ಕೂಡಲೇ ನಿಲ್ಲಿಸಿ, ನೀರು ಊರಲು ಬಿಟ್ಟು ಮತ್ತೆ ಹಾಕಿ.