ಹೊರಡುವ ಗಳಿಗೆ, ತಲುಪುವ ಗಳಿಗೆ



ದೂರದ ಊರಿಗೆ ಕಾರಿನಲ್ಲಿ ಹೊರಡುವುದೆಂದರೆ ನಮ್ಮವರಿಗೆ ಬೆಳಗಿನ ಜಾವವೇ ಆಗಬೇಕು. ದಾವಣಗೆರೆಯಿಂದ ಬೆಂಗಳೂರಿಗೆ ಮದುವೆಗೆ ಹೊರಟ ಒಂದು ಮನೆಯವರನ್ನು ನೆನೆಸಿಕೊಳ್ಳಿ. ಮೂರಕ್ಕೆ ಎದ್ದು, ಸ್ನಾನ ಮುಗಿಸಿ, ಮಕ್ಕಳನ್ನು ನಿದ್ದೆಗಣ್ಣಲ್ಲೇ ಎತ್ತಿ ಹಿಂದಿನ ಸೀಟಿಗೆ ಹಾಕಿ, ಟೈರಿನಡಿ ನಿಂಬೆಹಣ್ಣು ಇಟ್ಟು, ನಾಲ್ಕಕ್ಕೆ ಗೇಟು ದಾಟುತ್ತಾರೆ. ರಸ್ತೆ ಖಾಲಿ. ಚಿತ್ರದುರ್ಗ, ಹಿರಿಯೂರು, ಶಿರಾ ಒಂದರ ಹಿಂದೊಂದು ಸರಿದುಹೋಗುತ್ತವೆ. ಬೇಗ ಹೊರಟಿದ್ದು ಒಳ್ಳೆಯದಾಯಿತು ಎಂದು ಯಜಮಾನರು ಮೂರು ಸಲ ಹೇಳಿರುತ್ತಾರೆ. ನಡುವೆ ಒಂದು ಕಾಫಿ ಕುಡಿದು ನೆಲಮಂಗಲ ಮುಟ್ಟುವಾಗ ಎಂಟು, ಎಂಟೂಕಾಲು. ಅಲ್ಲಿಂದಾಚೆ ಕಾರು ಓಡುವುದಿಲ್ಲ, ತೆವಳುತ್ತದೆ. ಮುಹೂರ್ತ ಒಂಬತ್ತೂವರೆಗೆ, ಛತ್ರ ಜಯನಗರದಲ್ಲಿ. ಇವರು ಒಳಗೆ ಕಾಲಿಡುವಾಗ ಧಾರೆ ಮುಗಿದು ಗಂಡು-ಹೆಣ್ಣು ಫೋಟೋಕ್ಕೆ ನಿಂತಿರುತ್ತಾರೆ.

ಇವರು ತಡವಾಗಿ ಹೊರಟವರಲ್ಲ. ಪಂಚಾಂಗ ನೋಡಿಯೇ ಹೊರಟವರು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ, ಅದಕ್ಕೆ ಮುಂಚೆ ಹೊಸ್ತಿಲು ದಾಟಬೇಕು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ದೊಡ್ಡ ಊರಿಗೂ ತನ್ನದೇ ಒಂದು ರಾಹುಕಾಲ ಇದೆ. ಬೆಂಗಳೂರಿಗೆ ಅದು ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು. ಅದನ್ನು ನೋಡಬೇಕಾದ್ದು ಹೊರಡುವ ಗಳಿಗೆಗಲ್ಲ, ತಲುಪುವ ಗಳಿಗೆಗೆ. ಹೊಸ ಊರಿಗೆ ಕಾರು ತೆಗೆದುಕೊಂಡು ಹೋಗುವವರು ಹಿಂದಿನ ದಿನವೆಲ್ಲ ದಾರಿಯ ಬಗ್ಗೆಯೇ ಚರ್ಚೆ ಮಾಡುತ್ತಾರೆ: ಈ ರಸ್ತೆಯೋ ಆ ರಸ್ತೆಯೋ ಎಂದು. ನನ್ನನ್ನು ಕೇಳಿದರೆ, ದಾರಿ ಎರಡನೆಯ ಮಾತು. ಊರೊಳಗೆ ಎಷ್ಟು ಹೊತ್ತಿಗೆ ಕಾಲಿಡುತ್ತೇವೆ ಎಂಬುದು ಮೊದಲು ತೀರ್ಮಾನವಾಗಬೇಕು.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಿ. ಒಂಬತ್ತೂವರೆಯ ಮುಹೂರ್ತ ಎಂದಾದರೆ ಊರಿಗೆ ಏಳರೊಳಗೆ ನುಗ್ಗಬೇಕು, ಇಲ್ಲವೇ ಹಿಂದಿನ ರಾತ್ರಿ ಹತ್ತರ ಮೇಲೆ ಬಂದು ಮಲಗಬೇಕು. ಕೆಲಸ ಮಧ್ಯಾಹ್ನದ್ದಾದರೆ ಅವಸರವೇ ಬೇಡ. ತುಮಕೂರು ದಾಟುವಾಗ ಕ್ಯಾತಸಂದ್ರ ಸಿಗುತ್ತದೆ, ಅಲ್ಲಿ ಇಳಿದು ಬಿಸಿ ತಟ್ಟೆ ಇಡ್ಲಿ ತಿಂದು, ಪೇಪರು ಓದಿ, ಹತ್ತೂಕಾಲಿಗೆ ಎದ್ದರೂ ನಡೆಯುತ್ತದೆ. ಮೈಸೂರಿನ ಕಡೆಯಿಂದ ಬರುವವರಿಗೂ ಇದೇ ಮಾತು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಒಂದೂವರೆ ಗಂಟೆಯಲ್ಲಿ ಕೆಂಗೇರಿಗೆ ತಂದು ಬಿಡುತ್ತದೆ ನಿಜ. ಏಳಕ್ಕೆ ಹೊರಟರೆ ತಂದು ಬಿಡುವುದು ಎಂಟೂವರೆಗೆ! ಉಳಿಸಿದ ಗಂಟೆಯನ್ನು ಮುಂದಿನ ಸಿಗ್ನಲ್‌ಗಳು ವಸೂಲು ಮಾಡಿಕೊಳ್ಳುತ್ತವೆ.

ಹೊತ್ತು ಗೊತ್ತಾದ ಮೇಲೆ ದಾರಿಯ ಪ್ರಶ್ನೆ. ಅಲ್ಲೂ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಊರೊಳಗೆ ನಾನು ಹೋಗಲೇಬೇಕೇ ಎಂದು. ವಿಮಾನ ನಿಲ್ದಾಣಕ್ಕೆ ಹೊರಟವರು ಬಹಳ ಜನ ಇವತ್ತಿಗೂ ಗೊರಗುಂಟೆಪಾಳ್ಯ, ಹೆಬ್ಬಾಳ ಎಂದು ಊರನ್ನು ಸವರಿಕೊಂಡೇ ಹೋಗುತ್ತಾರೆ. ದಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗುವ ಸ್ಯಾಟಲೈಟ್ ಟೌನ್ ರಿಂಗ್ ರೋಡಿನ ಆ ಭಾಗ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿದೆ. ಎಲೆಕ್ಟ್ರಾನಿಕ್ ಸಿಟಿ, ಹೊಸೂರು ಕಡೆಗಾದರೆ ಮಾದಾವರದ ಹತ್ತಿರ ನೈಸ್ ರಸ್ತೆ ಹಿಡಿಯಬಹುದು. ಟೋಲ್ ಹೆಚ್ಚು ಎಂದು ಗೊಣಗುತ್ತೇವೆ, ಸಿಲ್ಕ್ ಬೋರ್ಡ್ ತನಕ ಊರ ನಡುವೆ ಸುಡುವ ಪೆಟ್ರೋಲಿನ ಲೆಕ್ಕ ಮಾತ್ರ ಯಾರೂ ಇಡುವುದಿಲ್ಲ. ಕೆಲಸ ಮೆಜೆಸ್ಟಿಕ್ಕಿನಲ್ಲೋ ಜಯನಗರದಲ್ಲೋ ಇದ್ದರೆ ಕಾರನ್ನು ಊರ ಬಾಗಿಲಲ್ಲೇ ಬಿಟ್ಟು ಮೆಟ್ರೋ ಹತ್ತಿ. ಹಸಿರು ಮಾರ್ಗ 2024ರ ನವೆಂಬರಿನಿಂದ ಮಾದಾವರದವರೆಗೂ ಬಂದಿದೆ, ಎರಡೂ ಕಡೆಗೆ ಅದೊಂದೇ ರೈಲು ಸಾಕು. ರೇಷ್ಮೆ ಸೀರೆ ಉಟ್ಟು ಮೆಟ್ರೋದಲ್ಲೇ ಎಂದು ಮನೆಯವರು ಕೇಳಬಹುದು. ಮದುವೆಯ ತಿಂಗಳಲ್ಲಿ ಒಮ್ಮೆ ಹತ್ತಿ ನೋಡಿದರೆ ಎಷ್ಟು ರೇಷ್ಮೆ ಸೀರೆಗಳು ನಿಂತಿರುತ್ತವೆ ಎಂದು ಗೊತ್ತಾಗುತ್ತದೆ.

ಮೊಬೈಲ್ ಇರುವಾಗ ಇಷ್ಟೆಲ್ಲ ಯಾಕೆ ಅನ್ನುವವರಿದ್ದಾರೆ. ನಕ್ಷೆಯಲ್ಲಿ ಕಾಣುವ ಕೆಂಪು, ಹಸಿರು ಬಣ್ಣಗಳು ಮುಖ್ಯವಾಗಿ ಆ ರಸ್ತೆಯ ಮೇಲಿರುವ ಮೊಬೈಲುಗಳು ಎಷ್ಟು ವೇಗದಲ್ಲಿ ಚಲಿಸುತ್ತಿವೆ ಎಂಬುದರಿಂದ ಹುಟ್ಟುವಂಥವು. 2020ರಲ್ಲಿ ಸೈಮನ್ ವೆಕರ್ಟ್ ಎಂಬ ಜರ್ಮನ್ ಕಲಾವಿದ 99 ಮೊಬೈಲುಗಳನ್ನು ಒಂದು ಸಣ್ಣ ಕೈಗಾಡಿಗೆ ತುಂಬಿಕೊಂಡು ಬರ್ಲಿನ್ನಿನ ಖಾಲಿ ಬೀದಿಗಳಲ್ಲಿ ನಡೆದ. ಗೂಗಲ್ ನಕ್ಷೆ ಆ ಬೀದಿಗಳಿಗೆ ಕೆಂಪು ಬಳಿದು, ಟ್ರಾಫಿಕ್ ಜಾಮ್ ಎಂದಿತು. ನಕ್ಷೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ತೋರಿಸುವ ಬಣ್ಣ ಈ ಕ್ಷಣದ್ದು, ಅಷ್ಟೇ. ದಾವಣಗೆರೆಯಲ್ಲಿ ನಾಲ್ಕಕ್ಕೆ ನೋಡಿದ ಹಸಿರು ಎಂಟೂವರೆಯ ಜಾಲಹಳ್ಳಿ ಕ್ರಾಸಿಗೆ ಉಪಯೋಗಕ್ಕೆ ಬರುವುದಿಲ್ಲ. ಅದೇ ನಕ್ಷೆಯಲ್ಲಿ ಇಂಥ ದಿನ, ಇಷ್ಟು ಹೊತ್ತಿಗೆ ತಲುಪಬೇಕು ಎಂದು ಕೊಟ್ಟು ಕೇಳುವ ಸೌಲಭ್ಯ ಇದೆ. ಅದನ್ನು ಮುಟ್ಟುವವರು ಕಡಿಮೆ.

ಅದಕ್ಕಿಂತ ಒಳ್ಳೆಯದು ಆ ಊರಿನ ಮನುಷ್ಯರನ್ನು ಕೇಳುವುದು. ಆದರೆ ಕೇಳುವ ರೀತಿ ಬೇರೆ ಆಗಬೇಕು. ನಿಮ್ಮನೆ ಎಷ್ಟು ದೂರ ಎಂದರೆ ಬೆಂಗಳೂರಿನ ನೆಂಟರು 'ಇಲ್ಲೇ, ಹತ್ತೇ ನಿಮಿಷ' ಎನ್ನುತ್ತಾರೆ. ಆ ಹತ್ತು ನಿಮಿಷ ಯಾವ ಭಾನುವಾರದ್ದೋ ದೇವರಿಗೇ ಗೊತ್ತು. 'ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ನೀನೇ ಹೊರಟರೆ ಎಷ್ಟು ಹೊತ್ತಾಗುತ್ತದಪ್ಪ?' ಎಂದು ಕೇಳಿ, ಫೋನಿನ ಆ ಕಡೆ ಒಂದು ನಿಟ್ಟುಸಿರು ಬರುತ್ತದೆ. ನಿಜವಾದ ಉತ್ತರ ಅದರ ಹಿಂದೆ ಇರುತ್ತದೆ. ಟಾಮ್‌ಟಾಮ್ ಸಂಸ್ಥೆ 2022ಕ್ಕೆ ಹಾಕಿದ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರಿಗೆ ಸರಾಸರಿ 29 ನಿಮಿಷ 10 ಸೆಕೆಂಡು. ಸರಾಸರಿ ಎಂದರೆ ನಡುರಾತ್ರಿಯೂ ಅದರಲ್ಲಿ ಸೇರಿದೆ ಎಂದರ್ಥ.

ಇನ್ನು ಕೂಡುರಸ್ತೆಗಳ ಮಾತು. ತುಮಕೂರು ರಸ್ತೆಯಲ್ಲಿ ಬರುವಾಗ ಪೀಣ್ಯ ಮೇಲ್ಸೇತುವೆ ಸಿಗುತ್ತದೆ. ಹತ್ತಿದರೆ ಹತ್ತಿದ ಹಾಗೆ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಪೀಣ್ಯ ಎಲ್ಲವೂ ಕೆಳಗೇ ಉಳಿದು, ಇಳಿಯುವುದು ಗೊರಗುಂಟೆಪಾಳ್ಯದ ಹತ್ತಿರವೇ. ಮೇಲೆ ಕೆಳಗೆ ಎರಡು ರಸ್ತೆ ಇರುವ ಕಡೆ, ನೀವು ಯಾವುದರ ಮೇಲಿದ್ದೀರಿ ಎಂಬುದು ಮೊಬೈಲಿಗೂ ಎಷ್ಟೋ ಸಲ ತಿಳಿಯುವುದಿಲ್ಲ. ಹೊಸಬರ ಕಾರು ಸೇತುವೆಯ ಬುಡದಲ್ಲಿ ಕುಂಟುವುದು ಇದಕ್ಕೇ. ಇಂಡಿಕೇಟರು ಎಡಕ್ಕೆ ಮಿಣುಕುತ್ತದೆ, ಆರುತ್ತದೆ, ಬಲಕ್ಕೆ ಮಿಣುಕುತ್ತದೆ. ಮುಂದಿನ ಸೀಟಿನಿಂದ 'ಮೇಲೆ ಮೇಲೆ', ಹಿಂದಿನಿಂದ 'ಅಯ್ಯೋ ಕೆಳಗೆ ರೀ'. ಅಷ್ಟರಲ್ಲಿ ಬೆನ್ನಿಗೆ ಬಂದ ಬಸ್ಸಿನ ಹಾರನ್ನು.

ಆ ಅರೆಗಳಿಗೆಯ ಅನುಮಾನದ ಬೆಲೆ ತೆರುವವರು ಆ ಕಾರಿನವರಷ್ಟೇ ಅಲ್ಲ. ಜಪಾನಿನ ವಿಜ್ಞಾನಿಗಳ ಒಂದು ಪ್ರಯೋಗ 2008ರಲ್ಲಿ ಪ್ರಕಟವಾಯಿತು. 230 ಮೀಟರಿನ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಿ ಎಂದರು. ಸಿಗ್ನಲ್ ಇಲ್ಲ, ತಿರುವಿಲ್ಲ, ಗುಂಡಿ ಇಲ್ಲ. ಆದರೂ ಯಾರೋ ಒಬ್ಬರು ಕೊಂಚ ನಿಧಾನಿಸಿದ್ದು ಹಿಂದಿನವರಿಂದ ಹಿಂದಿನವರಿಗೆ ದಾಟುತ್ತ ಬೆಳೆದು, ಕೊನೆಗೆ ಕೆಲವು ಕಾರುಗಳು ಪೂರ್ತಿ ನಿಂತೇಬಿಟ್ಟವು. ಸೇತುವೆಯ ಬುಡದಲ್ಲಿ ನಾವು ಒತ್ತಿದ ಬ್ರೇಕು ಹೀಗೆಯೇ ಹಿಂದಕ್ಕೆ ಹರಿದು, ಎಷ್ಟೋ ಹಿಂದೆ ಇರುವ ಶಾಲೆಯ ವ್ಯಾನನ್ನು ನಿಲ್ಲಿಸುತ್ತದೆ. ಅದರ ಡ್ರೈವರಿಗೆ ಕಾರಣ ಕಾಣುವುದೇ ಇಲ್ಲ. ಆದ್ದರಿಂದ ಮೇಲೋ ಕೆಳಗೋ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು, ಪಕ್ಕದಲ್ಲಿ ಕೂತ ಒಬ್ಬರಿಗೆ ಮಾತ್ರ ದಾರಿ ಹೇಳುವ ಅಧಿಕಾರ ಕೊಡಿ. ತಿರುವು ತಪ್ಪಿತೇ, ತಪ್ಪಲಿ. ಮುಂದೆ ಹೋಗಿ ಯೂಟರ್ನ್ ಹೊಡೆದು ಬನ್ನಿ.

ಒಂಬತ್ತು ಗಂಟೆಯ ಆ ರಸ್ತೆಯಲ್ಲಿ ಇರುವವರ ಪೈಕಿ ಹೆಚ್ಚಿನವರಿಗೆ ಬೇರೆ ಗಳಿಗೆಯೇ ಇಲ್ಲ. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು ಗಂಟೆಗೆ ಸರಿಯಾಗಿ ಒಳಗಿರಬೇಕು, ಮಕ್ಕಳಿಗೆ ಶಾಲೆಯ ಗಂಟೆ ಹೊಡೆಯುತ್ತದೆ, ಆಂಬ್ಯುಲೆನ್ಸಿಗಂತೂ ಸರಿಯೇ. ಹೊತ್ತು ಬದಲಿಸುವ ಅನುಕೂಲ ಇರುವುದು ಹೊರಗಿನಿಂದ ಬರುವ ನಮಗೆ. ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ಕೋರ್ಟಿನ ಕೇಸು ಎಂದಾದರೆ ಬೇರೆ ಮಾತು. ಸೀರೆ ಕೊಳ್ಳಲು, ಸೈಟು ನೋಡಲು, ಸೊಸೆಯ ಮನೆಗೆ ಉಪ್ಪಿನಕಾಯಿ ಕೊಡಲು ಹೋಗುವವರು ಆ ಜನರ ನಡುವೆ ಕಾರು ತುರುಕಿ, ಏನು ಊರಪ್ಪ ಇದು ಎಂದು ಬೈಯುವುದು ನನಗೆ ಸರಿ ಕಾಣುವುದಿಲ್ಲ.

ಒಂದು ಸಣ್ಣ ವಿಷಯ, ಯಾರೂ ಬಾಯಿಬಿಟ್ಟು ಹೇಳದ್ದು. ಕಾರಿನಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೋ, ಅಜ್ಜಿಯೋ, ಪುಟ್ಟ ಮಕ್ಕಳೋ ಇದ್ದರೆ ನೆಲಮಂಗಲಕ್ಕೆ ಮೊದಲೇ ಒಂದು ಒಳ್ಳೆಯ ಹೋಟೆಲಿನ ಮುಂದೆ ನಿಲ್ಲಿಸಿ. ಅಜ್ಜಿ 'ನನಗೇನೂ ಬೇಡಪ್ಪ' ಎಂದರೂ ಇಳಿಸಿ. ಮುಂದೆ ನಿಲ್ಲಿಸಲು ಜಾಗ ಸಿಗದು, ಅವರು ಕೇಳಲು ಸಂಕೋಚಪಟ್ಟು ಸುಮ್ಮನೆ ಸೆರಗು ಬಿಗಿಹಿಡಿದು ಕೂತಿರುತ್ತಾರೆ.

ವಾಪಸು ಬರುವಾಗಲೂ ಇದೇ ಲೆಕ್ಕ. ಮದುವೆಯ ಊಟ ಮುಗಿಸಿ ಎರಡೂವರೆಗೆ ಹೊರಟರೆ ಬೆಳಕಿರುವಾಗಲೇ ತುಮಕೂರು ದಾಟಬಹುದು. ತಾಂಬೂಲ, ಫೋಟೋ, ಬೀಗರ ಮಾತು ಎಂದು ಐದು ಗಂಟೆಯಾಯಿತೋ, ಆಮೇಲೆ ಅವಸರ ಮಾಡಬೇಡಿ. ಇನ್ನೊಂದು ಕಾಫಿ ಕೇಳಿ. ರಾತ್ರಿ ಊಟಕ್ಕೂ ಎಲೆ ಹಾಕುತ್ತಾರೆ.